ಮುಚ್ಚಿದ ಗಣಿಗೆ ಕೊಟ್ಟ ಮಾತು

ನಂದಿದುರ್ಗ ಚಿನ್ನದ ಗಣಿಯ ಸುರಂಗಗಳಲ್ಲಿ ಮರದ ಆಸರೆ ಕಟ್ಟುವುದು ನನ್ನ ಗಂಡನ ಕೆಲಸ. ಐವತ್ತರ ದಶಕದ ಕೊನೆಯಲ್ಲಿ ಅವರ ಜೊತೆಗಾರರೊಬ್ಬರ ಅಣ್ಣ, ತಮಿಳರು, ಸಿಲೋನಿನಿಂದ ನಮ್ಮನ್ನು ಕರೆದರು. ಬಂಗಾರಪೇಟೆಯಲ್ಲಿ ರೈಲು, ಧನುಷ್ಕೋಟಿಯಲ್ಲಿ ಹಡಗು ಹತ್ತಿ, ಬರೀ ಊರು ನೋಡಲೆಂದೇ ಹೋದೆವು. ಕ್ಯಾಸಂಬಳ್ಳಿಯ ನಮ್ಮತ್ತೆ, "ಸಮುದ್ರ ದಾಟಿ ನೋಡಾಕೆ ಅಲ್ಲೇನೈತೆ?" ಎಂದು ಗೊಣಗಿದ್ದರು.

ದೇವಸ್ಥಾನ, ಕೆರೆ, ಆನೆ ಎಲ್ಲ ನೋಡಿದ ಮೇಲೆ ನನ್ನ ಗಂಡ ಕೇಳಿದರು: "ಇಲ್ಲಿ ಗಣಿ ಇಲ್ವಾ?"

ಆ ಅಣ್ಣ ನಮ್ಮನ್ನು ರಬ್ಬರ್ ತೋಟದ ಹಿಂದಿನ ಹಳೆಯ ಗಣಿಗೆ ಕರೆದೊಯ್ದರು. ಪೆನ್ಸಿಲ್ ಕಡ್ಡಿಗೆ ಬೇಕಾದ ಕರಿ ಅದಿರು ತೆಗೆಯುತ್ತಿದ್ದರಂತೆ. ಎಷ್ಟೋ ವರ್ಷಗಳ ಹಿಂದೆ ಕುಸಿದು, ಒಳಗಿದ್ದವರನ್ನು ತೆಗೆಯಲಾಗದೆ ಹಾಗೇ ಮುಚ್ಚಿದರಂತೆ. ಗಣಿಯ ಬಾಯಿಗೆ ಬಂಡೆ ತುಂಬಿತ್ತು. ಕಾಲಡಿಯ ಕರಿ ಪುಡಿ ಎಣ್ಣೆ ಚೆಲ್ಲಿದ ಹಾಗೆ ಜಾರುತ್ತಿತ್ತು. ಒಬ್ಬ ಮುದುಕಿ ಬಂಡೆಯ ಮೇಲೆ ವೀಳ್ಯದೆಲೆ ಇಡುತ್ತಿದ್ದಳು.

ಆಗಲೇ ಕೇಳಿಸಿದ್ದು. ಟಕ್. ಟಕ್. ಒಳಗಿನಿಂದ.

"ನೀರು ತೊಟ್ಟಿಕ್ಕುತ್ತಿದೆ," ಎಂದರು ಅಣ್ಣ.

ನನ್ನ ಗಂಡನ ಮುಖ ಬದಲಾಯಿತು. ನಮ್ಮ ಗಣಿಯಲ್ಲಿ ಬಂಡೆ ಸಿಡಿದಾಗಲೆಲ್ಲ ಸಿಕ್ಕಿಬಿದ್ದವರನ್ನು ಹುಡುಕಲು ಇಳಿದವರು ಅವರು. ಒಳಗಿನವರು ಬಡಿದರೆ ಹೊರಗಿನವರು ಮೂರು ಸಲ ಬಡಿಯುತ್ತಿದ್ದರು: ಕೇಳಿಸಿತು, ಬರುತ್ತಿದ್ದೇವೆ. ಅವರ ಕೈ ತಾನಾಗಿ ಒಂದು ಕಲ್ಲು ಎತ್ತಿಕೊಂಡು ಬಂಡೆಗೆ ಮೂರು ಸಲ ಬಡಿಯಿತು.

ಒಳಗೆ ಸದ್ದು ನಿಂತಿತು. ಆಮೇಲೆ ಟಕ್, ಟಕ್, ಟಕ್. ಮೂರೇ.

ಅವರು ನಾಲ್ಕು ಬಡಿದರು. ಒಳಗಿನಿಂದಲೂ ನಾಲ್ಕು.

"ನೀರಿಗೆ ಎಣಿಸಾಕೆ ಬತ್ತದಾ?" ಎಂದರು ನನ್ನ ಕಡೆ ನೋಡದೆ.

ಮುದುಕಿ ಎದ್ದು ಬಂದು ಅವರ ಕೈಯಿಂದ ಕಲ್ಲು ಕಿತ್ತುಕೊಂಡಳು. ನಮಗೆ ತಿಳಿಯದ ಅವಳ ಮಾತನ್ನು ಅಣ್ಣ ತಗ್ಗಿದ ದನಿಯಲ್ಲಿ ತಿಳಿಸಿದರು: "ನೋಡಲು ಬಂದವರು ನೋಡಿಕೊಂಡು ಹೋಗಿ. ಬರುತ್ತೀನಿ ಅಂತ ಯಾಕೆ ಹೇಳಿದಿರಿ? ಇನ್ನು ಅವರು ಕಾಯುತ್ತಾರೆ."

ಆ ಮೂರು ಬಡಿತದ ಅರ್ಥ ಅವಳಿಗೆ ಹೇಗೆ ತಿಳಿಯಿತೋ! ನಾವ್ಯಾರೂ ಹೇಳಿರಲಿಲ್ಲ.

"ಬನ್ನಿ, ಓಗಾನ," ಎಂದು ನಾನು ತೋಳು ಎಳೆದೆ. ಅವರು ಕದಲಲಿಲ್ಲ. ಒಳಗೆ ಟಕ್ ಟಕ್ ಮತ್ತೆ ಶುರುವಾಗಿತ್ತು. ಕೊನೆಗೆ ಬಂಡೆಗೆ ಅಂಗೈ ಒತ್ತಿ, ಕನ್ನಡದಲ್ಲೇ ಹೇಳಿದರು: "ತಪ್ಪಾಯ್ತು ಕಣ್ರಪ್ಪಾ. ನಾನು ಬೇರೆ ಊರಿನವನು. ನನ್ ಕೈಲಿ ಬರಾಕಾಗಲ್ಲ."

ಸದ್ದು ನಿಂತಿತು. ಮತ್ತೆ ಬರಲಿಲ್ಲ.

ವಾಪಸ್ ಬಂದು ಬಂಗಾರಪೇಟೆಯಲ್ಲಿ ಇಳಿದು ನಮ್ಮ ಗಣಿ ಕಡೆಯ ರೈಲಿಗೆ ಕಾಯುತ್ತಿದ್ದಾಗ ಇದ್ದಕ್ಕಿದ್ದಂತೆ, "ಬಡೀತಾನೇ ಇದ್ದಿದ್ರೆ ನೀರು ಅಂದ್ಕೋಬೋದಿತ್ತು. ನಿಲ್ಲಿಸ್ಬುಟ್ರಲ್ಲಾ," ಎಂದರು.

ಆಮೇಲೂ ನಾವು ಬೇರೆ ಬೇರೆ ಊರುಗಳಿಗೆ ಹೋಗಿದ್ದುಂಟು. ಎಲ್ಲಿ ಹೋದರೂ ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನೋಡುತ್ತಿದ್ದರು. ನಾನೂ ಹಾಗೇ ನೋಡುವುದನ್ನು ಕಲಿತೆ.