ಫೋನಿನಲ್ಲಿ ಹೇಳದ ಪಾಸ್‌ವರ್ಡ್

ಕೀಬೋರ್ಡ್ ಮುಟ್ಟುವ ಮೊದಲು ನಮ್ಮ ಮಾಸ್ಟ್ರು ಎರಡೂ ಅಂಗೈಗಳನ್ನು ಷರ್ಟಿನ ಹೊಟ್ಟೆಯ ಮೇಲೆ ಉಜ್ಜಿ ಒರೆಸಿಕೊಳ್ಳುತ್ತಿದ್ದರು. ಬೆವರುವ ಕೈ. ಅವರ ಬಿಳಿ ಷರ್ಟುಗಳಿಗೆಲ್ಲ ಆ ಜಾಗದಲ್ಲಿ ಎರಡು ಮಾಸಲು ಕಲೆ. ಮನೆಯವರು ಎಷ್ಟು ತಿಕ್ಕಿದರೂ ಹೋಗದ್ದು.

ಗಲ್ಫಿನಿಂದ ಮರಳಿ ಬೆಳ್ತಂಗಡಿಯಲ್ಲಿ ಕಂಪ್ಯೂಟರ್ ಸೆಂಟರ್ ತೆರೆದ ಬ್ಯಾರಿ ಸಮುದಾಯದವರು ಅವರು. ನನಗೆ ಕೆಲಸ ಕಲಿಸಿ, ಅಲ್ಲೇ ಉಳಿಸಿಕೊಂಡರು. ಎರಡು ಸಾವಿರದ ಆಚೀಚಿನ ವರ್ಷಗಳವು. ಗಲ್ಫಿನಲ್ಲಿದ್ದವರು ಮನೆಗೆ ಸುದ್ದಿ ಬರೆಯಲೆಂದು ಮಾಸ್ಟ್ರು ಒಂದು ವೆಬ್‌ಸೈಟ್ ಮಾಡಿದ್ದರು. ಬಂದದ್ದನ್ನು ನಾವು ಪ್ರಿಂಟ್ ತೆಗೆದು ನೆರಿಯ, ಕೊಕ್ಕಡದಂಥ ಹಳ್ಳಿಗಳ ಮನೆಗಳಿಗೆ ಬಸ್ ಕಂಡಕ್ಟರುಗಳ ಕೈಯಲ್ಲಿ ಕಳಿಸುತ್ತಿದ್ದೆವು.

ಆ ಸುದ್ದಿಗಳನ್ನಿಟ್ಟ ಡೇಟಾಬೇಸಿಗೆ ಒಂದು ಪಾಸ್‌ವರ್ಡ್. ಅದನ್ನು ನಾನು ಪ್ರೋಗ್ರಾಮಿನೊಳಗೇ ಬರೆದಿಟ್ಟಾಗ ಮಾಸ್ಟ್ರು ಬೈಯಲಿಲ್ಲ.

"ಬೀಗ ಹಾಕಿ ಬೀಗದ ಕೈಯನ್ನು ಅದೇ ಬಾಗಿಲಿಗೆ ನೇತು ಹಾಕ್ತೀಯಾ ಮಾರಾಯ? ನೆರೆಮನೆಯಲ್ಲಿ ಕೊಟ್ಟು ಹೋಗುವುದಲ್ವಾ?"

ನೆರೆಮನೆ ಎಂದರೆ ಕಂಪ್ಯೂಟರಿನ ಸಿಸ್ಟಮ್. ಪ್ರೋಗ್ರಾಮ್ ಶುರು ಮಾಡುವ ಮುಂಚೆ ಪಾಸ್‌ವರ್ಡನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಅದರ ವಶಕ್ಕೆ ಕೊಟ್ಟರೆ, ಪ್ರೋಗ್ರಾಮ್ ಅಲ್ಲಿಂದ ಕೇಳಿ ಪಡೆಯುತ್ತದೆ. ಯಾವ ಫೈಲಿನಲ್ಲೂ ಬರೆದಿಡಬೇಕಾಗಿಲ್ಲ. ಮೆಷಿನ್ ಆಫ್ ಆದರೆ ಮಾತ್ರ ಮತ್ತೆ ಟೈಪ್ ಮಾಡಬೇಕು. ಅದನ್ನು ಮಾಸ್ಟ್ರೇ ಮಾಡುತ್ತಿದ್ದರು. ನಾನು ಬರೆದಿಟ್ಟಿದ್ದ ಪಾಸ್‌ವರ್ಡನ್ನೂ ಅಂದೇ ಬದಲಾಯಿಸಿದ್ದರು; ಹೊಸದು ಗೊತ್ತಿದ್ದದ್ದು ಅವರಿಗೊಬ್ಬರಿಗೇ.

ಹೃದಯದ ಕಾಯಿಲೆಯಿಂದ ಅವರು ಮೂಡುಬಿದಿರೆಯ ಮನೆಯಲ್ಲಿ ಮಲಗಿದ ಮೇಲೆ ನಾನು ಒಮ್ಮೆಯೂ ನೋಡಲು ಹೋಗಲಿಲ್ಲ. ಸೆಂಟರ್ ಬಿಟ್ಟು ಬರಲಿಕ್ಕಾಗುವುದಿಲ್ಲ ಎಂಬುದು ನನ್ನ ನೆವ. ಹಾಗಿರುವಾಗ, ನಾಳೆ ಲೈನ್ ಕೆಲಸ, ದಿನವಿಡೀ ಕರೆಂಟಿಲ್ಲ ಎಂದು ತಿಳಿಯಿತು. ನಮ್ಮ ಇನ್ವರ್ಟರ್ ಅಷ್ಟು ಹೊತ್ತು ತಡೆಯುವಂಥದ್ದಲ್ಲ; ಮೆಷಿನ್ ಆಫ್ ಆಗುವುದು ಖಂಡಿತ. ಹಬ್ಬದ ಸಮಯ ಬೇರೆ. ಎಷ್ಟೋ ಮನೆಗಳು ಸುದ್ದಿಗೆ ಕಾದಿದ್ದವು. ಪಾಸ್‌ವರ್ಡ್ ಕೇಳಲು ಫೋನ್ ಮಾಡಿದೆ.

"ಅದು ಫೋನಿನಲ್ಲಿ ಹೇಳುವಂಥದ್ದಲ್ಲ. ಬಾ. ಊಟ ಮಾಡಿಕೊಂಡು ಹೋಗು" ಎಂದರು.

ಗೊಣಗಿಕೊಂಡೇ ಹೋದೆ. ತಲೆ ಬಾಚಿ, ಇಸ್ತ್ರಿಯ ಷರ್ಟು ಹಾಕಿ ಮಂಚದಲ್ಲಿ ಕೂತಿದ್ದರು. ಪಕ್ಕದಲ್ಲಿ ನನಗೊಂದು ಕುರ್ಚಿ. ಒಳಗಿಂದ ಅಕ್ಕಿರೊಟ್ಟಿಯ ಪರಿಮಳ. ನೆರಿಯದ ಬಾಣಂತಿಗೆ ಗಂಡನ ಸುದ್ದಿ ಬಂತಾ, ಆ ಕಂಡಕ್ಟರ್ ಈಗಲೂ ಪ್ರಿಂಟ್ ಒದ್ದೆ ಮಾಡ್ತಾನಾ ಎಂದೆಲ್ಲ ವಿಚಾರಿಸಿದರು. ನಾನು ಹೂಂ, ಉಹೂಂ ಎನ್ನುತ್ತ ಗೋಡೆ ಗಡಿಯಾರ ನೋಡುತ್ತಿದ್ದೆ. ಕೊನೆಗೆ ಪಾಸ್‌ವರ್ಡ್ ಹೇಳಿದರು. ಬರೆದುಕೊಂಡು ಎದ್ದೆ.

"ಊಟ?"

"ಬಸ್ಸುಂಟು ಮಾಸ್ಟ್ರೇ. ಇನ್ನೊಮ್ಮೆ ಬರ್ತೇನೆ."

"ಆಯ್ತು, ಹೋಗು. ಸೈಟ್ ನಿಲ್ಲಬಾರದು."

ವಾರದೊಳಗೆ ತೀರಿಕೊಂಡರು.

ಎಷ್ಟೋ ವರ್ಷಗಳ ಮೇಲೆ ಬಂಟ್ವಾಳದಲ್ಲಿ ಅವರ ಹಳೆಯ ಶಿಷ್ಯನೊಬ್ಬ ಸಿಕ್ಕಿದ. ಈ ಸಂಗತಿ ಹೇಳಿದೆ. ಅವನಿಗೆ ಆಶ್ಚರ್ಯ.

"ಅದಕ್ಕೆ ಅಲ್ಲಿಯವರೆಗೆ ಹೋದದ್ದಾ? ಪ್ರೋಗ್ರಾಮ್ ಓಡ್ತಾ ಇದ್ದರೆ ಅದರ ವೇರಿಯಬಲ್‌ನಲ್ಲಿರುವ ಪಾಸ್‌ವರ್ಡ್ ಆ ಮೆಷಿನ್ನಿನಲ್ಲೇ ಓದ್ಲಿಕ್ಕೆ ಆಗ್ತದಲ್ಲ. ಒಂದು ಕಮಾಂಡಿನ ಕೆಲಸ. ಮಾಸ್ಟ್ರೇ ನಮ್ಮ ಬ್ಯಾಚಿಗೆ ತೋರಿಸಿದ್ದು."

ನಾನು ಫೋನ್ ಮಾಡಿದಾಗ ಮೆಷಿನ್ ಇನ್ನೂ ಓಡುತ್ತಲೇ ಇತ್ತು. ಆ ಕಮಾಂಡನ್ನು ಅವರು ಅಂದು ಫೋನಿನಲ್ಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ನಾನು ಮೂಡುಬಿದಿರೆಗೆ ಹೋಗುತ್ತಿರಲಿಲ್ಲ. ಅದೂ ಅವರಿಗೆ ಗೊತ್ತಿತ್ತು.