ವೆಂಡೆಲ್ ಹಾಕುವ ಗುರುತುಗಳು
ಮಿನೆಸೋಟದ ನಮ್ಮ ಚರ್ಚಿನಲ್ಲಿ ಗಾಯಕವೃಂದ ನಡೆಸುವ ವೆಂಡೆಲ್ ಅವರಿಗೆ, ಸ್ವರಲಿಪಿ ಬರೆಯುವ ತಂತ್ರಾಂಶ ಅಪ್‌ಡೇಟ್ ಆಯಿತೆಂದರೆ ಜ್ವರ ಬಂದಂತೆ. ಮುಚ್ಚಿ ತೆರೆಯುತ್ತಾರೆ, ತಂತಿ ಕಿತ್ತು ಸಿಕ್ಕಿಸುತ್ತಾರೆ, "ನಿನ್ನೆ ಸರಿಯಾಗೇ ಇದ್ಯಲ್ಲೋ ಮಹರಾಯ!" ಎಂದು ಪರದೆಯನ್ನು ಗದರಿ, ಆಮೇಲೆ ಅದರ ಕ್ಷಮೆಯನ್ನೂ ಕೇಳುತ್ತಾರೆ. ಈ ಭಾನುವಾರ ಯಾರು ಎಲ್ಲಿ ಉಸಿರೆಳೆಯಬೇಕೆಂಬ ಗುರುತುಗಳೇ ಅಳಿಸಿಹೋಗಿದ್ದವು. ಅಕ್ಕಪಕ್ಕದವರು ಒಟ್ಟಿಗೆ ಉಸಿರೆಳೆದರೆ ಹಾಡು ಕಡಿಯುತ್ತದೆ. ಆರಾಧನೆಯ ಗಂಟೆ ಬೇರೆ ಹತ್ತಿರವಾಗಿತ್ತು. "ಬಿಡಿ ವೆಂಡೆಲ್, ಕಂಪ್ಯೂಟರ್ ಇಲ್ದಾಗ್ಲೂ ಹಾಡಿದೀವಿ," ಎಂದು ಹಿರಿಯ ಗಾಯಕಿ ಬರ್ನೀಸ್ ಛೇಡಿಸಿದಳು. ವೆಂಡೆಲ್ ಪೆನ್ಸಿಲ್ ಹಿಡಿದು ಒಬ್ಬೊಬ್ಬರ ಹಾಳೆಯಲ್ಲೂ ನೆನಪಿನಿಂದಲೇ ಗುರುತು ಹಾಕಿಕೊಟ್ಟರು. ಬರ್ನೀಸಳ ಹಾಳೆಯಲ್ಲಿ ಈ ಸಲ ಎಲ್ಲರಿಗಿಂತ ಹೆಚ್ಚಿದ್ದವು. ಅವಳು ಅದನ್ನೇ ನೋಡುತ್ತ ನನ್ನ ಕಿವಿಯಲ್ಲಿ ಕೇಳಿದಳು: "ನಂಗೆ ಉಸಿರು ಸಾಲ್ತಿಲ್ಲ ಅಂತ ಇವ್ರಿಗೆ ಯಾರೇ ಹೇಳಿದ್ದು? ನಾನಂತೂ ಯಾರಿಗೂ ಹೇಳಿಲ್ಲ."