ಒಲೆಯ ಪಕ್ಕ ಇಟ್ಟ ಪೊಟ್ಟಣ

ಎಪ್ಪತ್ತರ ದಶಕದಲ್ಲಿ ನಾನು ಹೊರ್ತಿಯ ಕಡೆ ಗ್ರಾಮಸೇವಕನಾಗಿದ್ದೆ. ಇಂಡಿ ಪಟ್ಟಣದಲ್ಲಿ ನಾಲ್ಕು ದಿನದ ತರಬೇತಿ ಮುಗಿಸಿ ಬಂದದ್ದೇ ತಡ, ಮಣ್ಣಿನ ವಿದ್ಯೆಯೆಲ್ಲ ನನ್ನ ಜೇಬಿನಲ್ಲೇ ಇದೆ ಎಂಬ ಸೊಕ್ಕು ಬಂದುಬಿಟ್ಟಿತ್ತು. ಸೈಕಲ್ಲಿಗೆ ಚೀಲ ಕಟ್ಟಿಕೊಂಡು, ತೊಗರಿ ಬೀಜಕ್ಕೆ ಹಚ್ಚುವ ಕರಿ ಪುಡಿಯ ಪೊಟ್ಟಣಗಳನ್ನು ಹಂಚುತ್ತ ತಿರುಗುತ್ತಿದ್ದೆ.

ಒಂದು ಊರಿನಲ್ಲಿ ಕುರಿ ಸಾಕಿಕೊಂಡಿದ್ದ ಒಬ್ಬ ಹೆಂಗಸು ಇದ್ದಳು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡ ಸತ್ತವಳು ಬಿತ್ತುವ ಬೀಜ ಮುಟ್ಟಬಾರದು ಎಂದು ಮೈದುನ ಪಟ್ಟು ಹಿಡಿದಿದ್ದ. “ನನ್ನ ಪಾಲಿನ ಹೊಲ, ನಾನ ಬಿತ್ತತೇನಿ” ಎಂದು ಆಕೆ ಆ ವರ್ಷ ಜಗಳಾಡಿ ಗೆದ್ದಿದ್ದಳು.

ಅಂಗಳದಲ್ಲಿ ಪೊಟ್ಟಣ ಕೊಟ್ಟು ನಾನು ಭಾಷಣ ಬಿಗಿದೆ. “ಇದರಾಗ ಜೀವ ಅದಾವ್ರಿ ಯವ್ವಾ. ಬೇರಿನಾಗ ಗಂಟು ಕಟ್ಟಿ, ಗಾಳ್ಯಾಗಿನ ಸಾರ ಹಿಡದು ಗಿಡಕ್ಕ ಉಣಸ್ತಾವ.”

“ಸಣ್ಣ ಜೀವ ಏನ್ರಿ ಸಾಹೇಬ್ರ?”

“ಭಾಳ ಸಣ್ಣವು. ಕಣ್ಣಿಗೆ ಕಾಣಂಗಿಲ್ಲ.”

ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಬೇಕು, ನೆರಳಲ್ಲಿ ಆರಿಸಬೇಕು ಎಂದೆಲ್ಲ ಹೇಳಿದೆ. ಬಿತ್ತುವ ತನಕ ಪೊಟ್ಟಣವನ್ನು ತಂಪಿನಲ್ಲಿಡಿ ಎಂಬುದೊಂದನ್ನು ಹೇಳಲಿಲ್ಲ. ಮುಂದಿನ ಊರಿಗೆ ಹೋಗುವ ಅವಸರ ನನಗೆ.

ಎಂಟು ದಿನಕ್ಕೆ ಹದವಾಗಿ ಮಳೆ ಬಿತ್ತು. ಬಿತ್ತನೆಯ ಬೆಳಿಗ್ಗೆ ಹೋದರೆ, ಆಕೆ ಒಳಗಿನಿಂದ ಪೊಟ್ಟಣವನ್ನು ಕಂಬಳಿಯ ತುಂಡಿನಲ್ಲಿ ಸುತ್ತಿ ತಂದಳು. “ಥಂಡಿ ಗಾಳಿ ಬಿಟ್ಟಿತ್ತಲ್ರಿ. ಎಳೆ ಮರಿ ಮಲಗಸ್ತೇವಲ್ಲ, ಅಲ್ಲೇ ಒಲಿ ಬಾಜೂಕ ಇಟ್ಟಿದ್ನಿ” ಎಂದಳು. ಕೈಗೆ ತೆಗೆದುಕೊಂಡೆ. ಆಗಷ್ಟೇ ಬೇಯಿಸಿದ ರೊಟ್ಟಿಯಂತೆ ಬಿಸಿಯಾಗಿತ್ತು.

ತಪ್ಪು ನನ್ನದು, ಈ ಬಿಸಿಗೆ ಒಳಗಿನ ಜೀವಗಳು ಸತ್ತಿರಬೇಕು ಎಂದು ಅಲ್ಲೇ ಹೇಳಬಹುದಿತ್ತು. ಆದರೆ ಮೈದುನ ಕೂರಿಗೆಯ ಹತ್ತಿರ ಕೈಕಟ್ಟಿ ನಿಂತು ನೋಡುತ್ತಿದ್ದ. ಅವನೆದುರು ಸಾಹೇಬರ ಮರ್ಯಾದೆ ಹೋಗಬಾರದಲ್ಲ! “ಛಲೋ ಆತು, ಹಚ್ಚರಿ” ಎಂದೆ.

ಹೂವಿನ ಕಾಲಕ್ಕೆ ನಾನು, ಆಕೆ, ಮೈದುನ ಮೂವರೂ ಆಕೆಯ ಹೊಲದಲ್ಲಿ ನಿಂತು ಗಿಡ ಅಗೆದೆವು. ಬೇರಿನಲ್ಲಿ ಅಲ್ಲೊಂದು ಇಲ್ಲೊಂದು ಗಂಟು. ಪುಡಿ ಹಚ್ಚದ ಮೈದುನನ ಹೊಲದಲ್ಲೂ ಅಷ್ಟೇ ಇದ್ದವು.

“ಪುಡಿ ಛಲೋನ ಇರಬೇಕ್ರಿ” ಎಂದ ಅವನು. “ಇಕಿ ಕೈ ಮುಟ್ಟಿತಲ್ಲ, ಅದಕ್ಕ ಹತ್ತಲಿಲ್ಲ.”

ಆಕೆ ನನ್ನ ಮುಖ ನೋಡಿದಳು. “ಹೌದೇನ್ರಿ ಸಾಹೇಬ್ರ?”

ನಾನು ಬೇರಿನ ಮಣ್ಣು ಝಾಡಿಸುತ್ತ, “ಒಮ್ಮೊಮ್ಮೆ ಹಿಂಗ ಆಗತೈತ್ರಿ” ಎಂದೆ. ಥೂ, ಅದೂ ಒಂದು ಉತ್ತರವೇ? ಇವತ್ತಿಗೂ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮರುವರ್ಷ ಪೊಟ್ಟಣವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ನೀರಿನ ಗಡಿಗೆಯ ಪಕ್ಕದಲ್ಲೇ ಇಡಬೇಕು ಎಂದು ಎರಡೆರಡು ಸಲ ಹೇಳಿದೆ. ಏಕೆ ಎಂದು ಮಾತ್ರ ಹೇಳಲಿಲ್ಲ. ಆಕೆ ಕೈ ಚಾಚಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, “ಮೈದುನನ ಕೈಯಾಗ ಕೊಡ್ರಿ” ಎಂದಳು. ಆಕೆಯ ಹೊಲಕ್ಕೂ ಅವನೇ ಬಿತ್ತಿದ.

ಆ ವರ್ಷ ಗಂಟು ಚೆನ್ನಾಗಿ ಕಟ್ಟಿದವು. ಮೈದುನ ಒಂದು ಗಿಡವನ್ನು ಕಿತ್ತು ತಂದು ಆಕೆಯ ಮುಂದೆ ಹಿಡಿದ. ಆಕೆ ಬೇರನ್ನು ಮುಟ್ಟದೆ, ಬಗ್ಗಿ ಬಹಳ ಹೊತ್ತು ನೋಡಿದಳು.

“ಹೌದು ಬಿಡಪ, ನನ್ನ ಕೈನ ಸರಿ ಇಲ್ಲ” ಎಂದಳು.

ನಾನು ಅಲ್ಲೇ ನಿಂತಿದ್ದೆ.